ಇಪ್ಪತ್ತೊಂದನೆಯ ದಿನ

ಸಿಂದಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಹೊತ್ತು ಇಳಿದಿದೆ. ಶಾಲೆಯ ಹಿಂದಿನ ಬಯಲಿನಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದಾರೆ. ಓಡುವವರ ಕೂಗು, ಕುಳಿತವರ ಕಾತರ, ಮೇಲೆದ್ದ ಧೂಳು. ಇವೆಲ್ಲದರಿಂದ ಹತ್ತು ಮಾರು ದೂರದಲ್ಲಿ, ಬೇವಿನ ಮರದ ಬುಡದಲ್ಲಿ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಾಳೆ. ಅವಳ ಮುಂದೆ ಗೆಳತಿಯರ ಚಪ್ಪಲಿಗಳ ಸಾಲು. ಮಗ್ಗುಲಲ್ಲಿ ಅವರ ಪಾಟೀಚೀಲಗಳು. ಅವುಗಳನ್ನು ಕಾಯುವುದು ಅವಳ ಕೆಲಸ. ಎರಡು ವರ್ಷಗಳಿಂದ ಅವಳ ಪಾಲಿಗೆ ಬಂದಿರುವ ಆಟವೆಂದರೆ ಅದೊಂದೇ.

ಹೊಸಬರಾರಾದರೂ ಬಂದು, “ಯಾಕ ತಂಗಿ, ನೀ ಆಡಂಗಿಲ್ಲೇನು?” ಎಂದು ಕೇಳಿದರೆ, ಅವಳು ಬಾಯಿ ತೆರೆಯುವ ಮೊದಲೇ ಉಳಿದವರು ಉತ್ತರ ಕೊಟ್ಟುಬಿಡುತ್ತಾರೆ: “ಆಕೀಗಿ ಹಾರ್ಟಿನ ಬ್ಯಾನಿ ಐತ್ರೀ.” ತಂದೆತಾಯಿಗಳು ಇಟ್ಟ ಚೆಲುವಾದ ಹೆಸರೊಂದು ಅವಳಿಗೂ ಇದೆ. ಆದರೆ ಊರಿಗೆ ಆಕೆ ಮೂರು ವಾರಕ್ಕೊಮ್ಮೆ ಸೂಜಿ ಮಾಡಿಸಿಕೊಳ್ಳುವ ಹುಡುಗಿ.

ಈ ಹುಡುಗಿ ಕಲ್ಪನೆಯವಳು. ಆದರೆ ಇಂಥವರು ಇಂಡಿಯ ನಿಂಬೆ ತೋಟಗಳ ನಡುವೆ, ಸಿಂದಗಿಯ ತೊಗರಿ ಹೊಲಗಳ ಅಂಚಿನಲ್ಲಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಓಣಿಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಗಂಟಲುಬೇನೆಯಿಂದ ಮೊದಲಾಗಿ ಹೃದಯದಲ್ಲಿ ಬಂದು ನಿಲ್ಲುವ ಈ ಕಾಯಿಲೆಗೆ ವೈದ್ಯರು ರುಮ್ಯಾಟಿಕ್ ಹೃದ್ರೋಗವೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಐದೂವರೆ ಕೋಟಿ ಜನರಿಗೆ ಈ ರೋಗವಿದೆ; ವರ್ಷವೊಂದಕ್ಕೆ ಸುಮಾರು ೩,೬೦,೦೦೦ ಜನರು ಇದರಿಂದ ಸಾಯುತ್ತಾರೆ. ಇವರಲ್ಲಿ ಬಹುಪಾಲಿನವರು ಬಡ ನಾಡುಗಳವರು. ಬಹುಪಾಲಿನವರಿಗೆ ರೋಗದ ಮೊದಲ ಏಟು ಬಿದ್ದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಆ ಹುಡುಗಿಯನ್ನು ಆಟದ ಬಯಲಿನಿಂದ ಎಬ್ಬಿಸಿ ಬೇವಿನ ಬುಡದಲ್ಲಿ ಕೂರಿಸಿದವರು ಯಾರು? ರೋಗವೆ? ವೈದ್ಯರೆ? ಅಥವಾ ಅವಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವರ ಅಂಜಿಕೆಯೆ?

*

ರೋಗದ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ‘ಸ್ಟ್ರೆಪ್ಟೊಕಾಕಸ್’ ಎಂಬ ರೋಗಾಣುವಿನ ಒಂದು ಗುಂಪು ಮಕ್ಕಳ ಗಂಟಲನ್ನು ಹಿಡಿಯುತ್ತದೆ. ನುಂಗಿದರೆ ನೋವು, ಜ್ವರ, ಕತ್ತಿನಲ್ಲಿ ಗಡ್ಡೆ. ನಾಲ್ಕೈದು ದಿನಗಳಲ್ಲಿ ಗಂಟಲು ತಾನಾಗಿಯೇ ಗುಣವಾಗುತ್ತದೆ. ಮನೆಯವರು ಅದನ್ನು ಮರೆತೂ ಬಿಡುತ್ತಾರೆ. ಆದರೆ ಒಳಗೆ ಒಂದು ತಪ್ಪು ನಡೆದಿರುತ್ತದೆ. ರೋಗಾಣುವನ್ನು ಕೊಲ್ಲಲೆಂದು ದೇಹವು ಸಿದ್ಧಪಡಿಸಿದ ಕಾವಲುಪಡೆ, ಶತ್ರುವಿನ ಮುಖಕ್ಕೂ ತನ್ನವರ ಮುಖಕ್ಕೂ ಇರುವ ಹೋಲಿಕೆಯಿಂದ ಮೋಸಹೋಗಿ, ತನ್ನ ಮನೆಯ ಮೇಲೆಯೇ ಕೈಮಾಡುತ್ತದೆ. ಎರಡು ಮೂರು ವಾರಗಳ ತರುವಾಯ ಮಗುವಿಗೆ ಮತ್ತೆ ಜ್ವರ ಬರುತ್ತದೆ. ಇಂದು ಮೊಣಕಾಲು ಬಾತರೆ ನಾಳೆ ಅದು ಇಳಿದು ಹಿಮ್ಮಡಿಯ ಕೀಲು ಬಾಯುತ್ತದೆ, ನಾಡಿದ್ದು ಮೊಣಕೈ. ಬೇನೆ ಒಂದು ಕೀಲಿನಿಂದ ಇನ್ನೊಂದಕ್ಕೆ ವಲಸೆ ಹೋಗುತ್ತದೆ. ಮನೆಯ ಹಿರಿಯರು ವಾಯು ಎನ್ನುತ್ತಾರೆ, ಉಳುಕು ಎನ್ನುತ್ತಾರೆ, ಬೆಳೆಯುವ ಮಕ್ಕಳ ನೋವು ಎನ್ನುತ್ತಾರೆ. ಎಣ್ಣೆ ತಿಕ್ಕುತ್ತಾರೆ. ನೋವು ಹೋಗುತ್ತದೆ, ಎಣ್ಣೆಯಿಂದಲೇ ಹೋಯಿತೆಂದು ನಂಬುತ್ತಾರೆ.

ಕೀಲುಗಳಿಗೆ ಬರಿಯ ನಾಲಗೆ ತಾಗಿಸಿ ಹೋಗುವ ಈ ಜ್ವರ ಹೃದಯಕ್ಕೆ ಮಾತ್ರ ಹಲ್ಲೂರುತ್ತದೆಂಬುದು ಹಳೆಯ ವೈದ್ಯರ ಅಂಬೋಣ. ಹೃದಯದಲ್ಲಿ ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳಿವೆ. ಅವುಗಳಲ್ಲಿ ಎಡಭಾಗದ ಎರಡು ಕೋಣೆಗಳ ನಡುವಿನ ‘ಮೈಟ್ರಲ್’ ಕವಾಟಕ್ಕೆ ಜೋಡಿಬಾಗಿಲಿನಂತೆ ಎರಡು ತೆಳ್ಳನೆಯ ಪದರಗಳು. ಜ್ವರದ ಏಟು ಹೆಚ್ಚಾಗಿ ಬೀಳುವುದು ಇದರ ಮೇಲೆ. ಬಾಗಿಲು ಸರಿಯಾಗಿ ಮುಚ್ಚದಂತಾದರೆ ರಕ್ತ ಹಿಂದಕ್ಕೆ ಸೋರುತ್ತದೆ. ಏಟಿನ ಮೇಲೆ ಏಟು ಬಿದ್ದು ಪದರಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ರಕ್ತ ಹಿಂದೆ ತಡೆದು ಪುಪ್ಪುಸಗಳಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಬೇನೆ ಬಲಿತರೆ ಮಲಗಿದಾಗಲೂ ಏದುಸಿರು. ಕವಾಟ ಹೀಗೆ ಕಿರಿದಾಗಲು ಪಶ್ಚಿಮದ ನಾಡುಗಳಲ್ಲಿ ದಶಕಗಳೇ ಹಿಡಿಯುತ್ತಿದ್ದವು. ಭಾರತದಲ್ಲಿ ಇಪ್ಪತ್ತು ತುಂಬುವ ಮೊದಲೇ ಅದು ಆಗುತ್ತದೆಂಬುದನ್ನು ಎಸ್. ಬಿ. ರಾಯ್ ಮತ್ತು ಅವರ ಸಂಗಡಿಗರು ೧೯೬೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಶಾಲೆಯ ಗುರುಗಳು ತಿಳಿದಿರಬೇಕಾದ ಮತ್ತೊಂದು ಲಕ್ಷಣವಿದೆ. ಕೆಲವು ಮಕ್ಕಳಲ್ಲಿ, ಹೆಚ್ಚಾಗಿ ಹುಡುಗಿಯರಲ್ಲಿ, ಕೈಕಾಲುಗಳು ತಮಗೆ ತಾವೇ ಸಣ್ಣಗೆ ಎಗರುತ್ತವೆ, ಮುಖ ಸೊಟ್ಟಗಾಗುತ್ತದೆ, ಹಿಡಿದ ತಂಬಿಗೆ ಬೀಳುತ್ತದೆ, ಮುತ್ತಿನಂತಿದ್ದ ಅಕ್ಷರ ಕಾಗೆಯ ಕಾಲಾಗುತ್ತದೆ. ಕಾರಣವಿಲ್ಲದೆ ಅಳು ಬರುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡನ್‌ಹ್ಯಾಮನು ೧೬೮೬ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದನು. ಆದರೆ ಇಂದಿಗೂ ಇಂಥ ಮಗುವಿಗೆ ಶಾಲೆಯಲ್ಲಿ ಮೊದಲು ದೊರೆಯುವುದು ಬೈಗುಳ. ಮನೆಯಲ್ಲಿ ದೊರೆಯುವುದು ದೃಷ್ಟಿ ತೆಗೆಸುವ ಉಪಚಾರ. ಅದು ಅಲಕ್ಷ್ಯವಲ್ಲ, ಉದ್ಧಟತನವಲ್ಲ, ಗಾಳಿಯೂ ಅಲ್ಲ. ಅದೇ ಜ್ವರವು ಮಿದುಳನ್ನು ತಾಗಿದ ಗುರುತು.

*

ಈ ರೋಗಕ್ಕೆ ಒಲವಿನ ತಾಣವಾವುದು? ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ. ಒಬ್ಬರ ಉಸಿರು ಒಬ್ಬರಿಗೆ ತಾಗುವೆಡೆಯಲ್ಲಿ ಗಂಟಲಿನ ರೋಗಾಣು ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಸುಲಭವಾಗಿ ದಾಟುತ್ತದೆ. ಯುರೋಪು ಅಮೆರಿಕಗಳಲ್ಲಿ ಪೆನಿಸಿಲಿನ್ ಬರುವುದಕ್ಕೆ ಮೊದಲೇ ಈ ಜ್ವರ ಇಳಿಮುಖವಾಗತೊಡಗಿತ್ತು. ಮನೆಗಳು ವಿಶಾಲವಾದಂತೆ, ಊಟ ಸುಧಾರಿಸಿದಂತೆ ಅದು ತಾನಾಗಿ ಹಿಂಜರಿಯಿತು. ಆದುದರಿಂದ ಇದನ್ನು ಬಡತನದ ರೋಗವೆಂದು ಕರೆಯುವುದುಂಟು.

ವಿಜಯಪುರ ಜಿಲ್ಲೆಯ ಈ ನಾಲ್ಕು ಸೀಮೆಗಳಿಗೆ ಬಡತನದೊಡನೆ ಇನ್ನೊಂದು ಕಷ್ಟವೂ ಸೇರಿದೆ. ಅದು ಗುಳೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿದರೂ, ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದು ನಿಂತರೂ, ಮಳೆಯನ್ನೇ ನಂಬಿದ ಹೊಲಗಳು ಇಲ್ಲಿ ಇನ್ನೂ ಇವೆ. ಸುಗ್ಗಿ ಕೈಕೊಟ್ಟ ವರ್ಷ, ಕೆಲವರಿಗೆ ಪ್ರತಿ ವರ್ಷವೂ, ಕುಟುಂಬಗಳು ಗಂಟುಮೂಟೆ ಕಟ್ಟಿ ಮಹಾರಾಷ್ಟ್ರದ ಕಬ್ಬಿನ ಸೀಮೆಗೆ, ಪುಣೆ ಮುಂಬಯಿಗಳಿಗೆ, ಗೋವೆಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಗುಡಿಸಲು. ಅದರಲ್ಲಿ ಒತ್ತೊತ್ತಾಗಿ ಸಂಸಾರ. ಊರಿನಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು.

ಗುಳೆಗೂ ಹೃದಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಒಂದು ಸೂಜಿಯದು.

*

ಗಂಟಲುಬೇನೆ ಮೊದಲಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ದೊರೆತರೆ ಜ್ವರವು ಬಾರದಂತೆಯೇ ತಡೆಯಬಹುದು. ಜ್ವರ ಒಮ್ಮೆ ಬಂದುಹೋದ ಮಗುವಿಗೆ ಅದು ಮರಳಿ ಬರುವ ಸಂಭವ ಬಹಳ ಹೆಚ್ಚು. ಪ್ರತಿಯೊಂದು ಮರುಕಳಿಕೆಯೂ ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ. ಇದನ್ನು ತಡೆಯಲು ‘ಬೆಂಜಥೀನ್ ಪೆನಿಸಿಲಿನ್’ ಎಂಬ ಔಷಧಿಯನ್ನು ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಸ್ನಾಯುವಿಗೆ ಚುಚ್ಚುತ್ತಾರೆ. ಅದು ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿದು ಕೆಲವು ವಾರ ಕಾವಲಿರುತ್ತದೆ. ರೋಗ ಹೆಚ್ಚಾಗಿರುವ ಸೀಮೆಗಳಲ್ಲಿ ಮೂರು ವಾರದ ಅಂತರವೇ ಲೇಸೆನ್ನುತ್ತಾರೆ. ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಸೂಜಿ.

ಔಷಧಿ ಹೊಸದೇನಲ್ಲ. ಭಾರತದಲ್ಲಿ ಪೆನಿಸಿಲಿನ್ ತಯಾರಿಸಲೆಂದೇ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪನೆಯಾದುದು ೧೯೫೪ರಲ್ಲಿ. ಬಿಜಾಪುರ ಸೀಮೆಯ ಜನ ದುಡಿಮೆಗೆಂದು ನಡೆದುಹೋಗುವ ದಾರಿಯ ಕೊನೆಯಲ್ಲಿಯೇ ಆ ಊರಿದೆ. ಔಷಧಿಯ ಬೆಲೆಯೂ ಹೆಚ್ಚಲ್ಲ. ಹೆಚ್ಚಿನದು ಎಣಿಕೆ. ವರ್ಷಕ್ಕೆ ಹದಿನೇಳು ಸೂಜಿಗಳು. ಹತ್ತು ವರ್ಷಕ್ಕೆ ನೂರ ಎಪ್ಪತ್ತು ದಾಟುತ್ತದೆ. ಹೃದಯಕ್ಕೆ ಏಟು ಬೀಳದ ಮಗುವಿಗೂ ಕನಿಷ್ಠ ಐದು ವರ್ಷ ಇಲ್ಲವೆ ಇಪ್ಪತ್ತೊಂದು ವಯಸ್ಸಿನವರೆಗೆ ಇದು ಬೇಕು. ಕವಾಟ ಶಾಶ್ವತವಾಗಿ ಕೆಟ್ಟಿದ್ದರೆ ಸಾಮಾನ್ಯವಾಗಿ ನಲವತ್ತರವರೆಗೆ.

ಅದರ ಫಲವೇನೆಂಬುದಕ್ಕೆ ಆಫ್ರಿಕದ ಯುಗಾಂಡದಲ್ಲಿ ಒಳ್ಳೆಯ ಪ್ರಮಾಣ ದೊರೆತಿದೆ. ಹೊರಗೆ ಲಕ್ಷಣವೇನೂ ಕಾಣದ, ಎಕೋ ಪರೀಕ್ಷೆಯಲ್ಲಿ ಮಾತ್ರ ರೋಗದ ಮೊಳಕೆ ಕಂಡ ೮೧೮ ಮಕ್ಕಳನ್ನು ಅಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಸೂಜಿ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಸೂಜಿ ಪಡೆಯದವರಲ್ಲಿ ನೂರಕ್ಕೆ ೮.೨ ಮಕ್ಕಳ ರೋಗ ಬೆಳೆದಿತ್ತು. ಪಡೆದವರಲ್ಲಿ ನೂರಕ್ಕೆ ೦.೮ ಮಕ್ಕಳದು ಮಾತ್ರ. ಈ ಫಲಿತಾಂಶ ಪ್ರಕಟವಾದದ್ದು ೨೦೨೧ರಲ್ಲಿ.

ಹೀಗಿರಲು, ಕಬ್ಬು ಕಡಿಯಲು ಹೋದ ಕುಟುಂಬದ ಮಗುವಿಗೆ ಐದು ತಿಂಗಳಲ್ಲಿ ಏಳು ಸೂಜಿಗಳು ತಪ್ಪಿದರೆ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ವರ್ಷದ ಹದಿನೇಳರಲ್ಲಿ ಹದಿನಾಲ್ಕಾದರೂ ಬೀಳಬೇಕೆಂದು ಬಲ್ಲವರ ಲೆಕ್ಕ. ಗುಳೆಯ ಮಗುವಿನ ಲೆಕ್ಕ ಹತ್ತಕ್ಕೇ ನಿಲ್ಲುತ್ತದೆ.

*

ಆದರೆ ಸೂಜಿಯ ಎಣಿಕೆಯಷ್ಟೇ ಮಗುವಿನ ಬಾಳಲ್ಲ. ಒಂದು ಸೂಜಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ದಿನಗಳಿವೆ. ಆ ಇಪ್ಪತ್ತು ದಿನ ಮಗು ಹೇಗೆ ಬಾಳುತ್ತದೆ? ವೈದ್ಯರು ಕವಾಟದ ಸೋರಿಕೆಯನ್ನು ಯಂತ್ರದಿಂದ ಅಳೆಯುತ್ತಾರೆ. ಮಗುವಿನ ದಿನವನ್ನು ಅಳೆಯುವ ಯಂತ್ರವುಂಟೆ?

ಯಂತ್ರವಿಲ್ಲ, ಪ್ರಶ್ನೆಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ವಾರ್ನಿಯವರು ಸಂಗಡಿಗರೊಡನೆ ೨೦೦೧ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯೊಂದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ‘ಪೆಡ್ಸ್‌ಕ್ಯೂಎಲ್’ ಎಂದು ಅದರ ಹೆಸರು. ಅದರಲ್ಲಿ ೨೩ ಪ್ರಶ್ನೆಗಳು: ಎಂಟು ದೇಹದ ಶಕ್ತಿಯನ್ನು ಕುರಿತವು, ಐದು ಮನಸ್ಸನ್ನು, ಐದು ಗೆಳೆತನವನ್ನು, ಐದು ಶಾಲೆಯನ್ನು ಕುರಿತವು. ಕಳೆದ ತಿಂಗಳಲ್ಲಿ ನಡೆಯುವುದು, ಓಡುವುದು, ಭಾರ ಎತ್ತುವುದು, ಮನೆಗೆಲಸ ಮಾಡುವುದು ಎಷ್ಟು ಕಷ್ಟವಾಯಿತು? ಹೆದರಿಕೆ ಆಯಿತೆ, ನಿದ್ರೆ ಕೆಟ್ಟಿತೆ, ಮುಂದೆ ತನಗೇನಾಗುವುದೋ ಎಂಬ ಚಿಂತೆ ಕಾಡಿತೆ? ಬೇರೆ ಮಕ್ಕಳು ಕೀಟಲೆ ಮಾಡಿದರೆ? ಪಾಠ ಮರೆತುಹೋಯಿತೆ, ಆಸ್ಪತ್ರೆಗಾಗಿ ಶಾಲೆ ತಪ್ಪಿತೆ? ಉತ್ತರಗಳನ್ನು ಕೂಡಿಸಿ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಬಾಳು ಹಸನು.

ಈ ಪ್ರಶ್ನಾವಳಿಯ ವಿಶೇಷವೆಂದರೆ ಅದನ್ನು ತಾಯಿಗೆ ಬೇರೆ, ಮಗುವಿಗೆ ಬೇರೆ ಕೇಳುತ್ತಾರೆ. ದೀರ್ಘ ಕಾಯಿಲೆಯ ಮಕ್ಕಳಲ್ಲಿ ಇಬ್ಬರ ಉತ್ತರಗಳು ಆಗಾಗ ಹೊಂದುವುದಿಲ್ಲ. ಮಗು ತನ್ನ ಬಾಳನ್ನು ಎಷ್ಟು ಕೆಟ್ಟದ್ದೆಂದು ಎಣಿಸುತ್ತದೆಯೋ ಅದಕ್ಕಿಂತ ಹೆಚ್ಚು ಕೆಟ್ಟದ್ದೆಂದು ಹೆತ್ತವರು ಎಣಿಸುವುದೇ ಹೆಚ್ಚು.

ಬೇವಿನ ಬುಡದ ಹುಡುಗಿಯನ್ನೂ ಅವಳ ತಾಯಿಯನ್ನೂ ಹೀಗೆ ಬೇರೆ ಬೇರೆ ಕೂರಿಸಿ ಕೇಳಿದರೆಂದು ಭಾವಿಸೋಣವಾಗಲಿ. ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು, “ಆಕೀ ಕೈಲಿ ಏನೂ ಆಗಂಗಿಲ್ರೀ. ಒಂದು ಕೊಡಾ ನೀರು ಸೈತ ಹೊರಸಂಗಿಲ್ಲ ನಾ” ಎನ್ನುತ್ತಾಳೆ. ಮಗಳ ಉತ್ತರ ಬೇರೆ: “ಭಾಳ ಓಡಿದರ ದಮ್ಮ ಬರತೈತಿ ಖರೆ. ಆದರ ಕುಂತಾಗ ಅದಕ್ಕಿಂತ ಹೆಚ್ಚು ಬ್ಯಾಸರಾಗತೈತಿ.” ಮುಂದಿನ ದಿನಗಳ ಚಿಂತೆಯಿದೆಯೆ ಎಂದು ಕೇಳಿದಾಗ ಮಾತ್ರ ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ, “ನಾ ಮಲಕೊಂಡೀನಿ ಅಂತ ತಿಳಕೊಂಡು, ಈಕೀ ಬಾಳಂಗಿಲ್ಲ ಅಂತ ಆಯಿ ಅವ್ವಗ ಹೇಳತಿರತಾಳ್ರೀ” ಎನ್ನುತ್ತಾಳೆ.

ಮನೆಯವರು ಎರಡು ವರ್ಷ ಅವಳಿಂದ ಮುಚ್ಚಿಟ್ಟೆವೆಂದುಕೊಂಡ ಮಾತು ಅವಳಿಗೆ ಮೊದಲ ರಾತ್ರಿಯೇ ತಿಳಿದಿತ್ತು. ಎಕೋ ಯಂತ್ರದ ತೆರೆಯ ಮೇಲೆ ಅದು ಕಾಣುವಂತಿರಲಿಲ್ಲ. ಕೇಳಿದ್ದರಿಂದ ಹೊರಬಿತ್ತು. ಅವಳ ಕವಾಟದ ಸೋರಿಕೆ ಅಲ್ಪವೆಂದು ಚೀಟಿಯಲ್ಲಿ ಬರೆದಿದೆ. ಬಾಳುವಳೆಂದು ವೈದ್ಯರು ಹೇಳಿದ್ದಾರೆ. ಆದರೆ ಅದನ್ನು ಅವಳಿಗೆ ಯಾರೂ ಹೇಳಿಲ್ಲ.

*

ಹಿಂದಿನ ಕಾಲದಲ್ಲಿ ಈ ರೋಗದ ಮಕ್ಕಳನ್ನು ಯುರೋಪು ಅಮೆರಿಕಗಳಲ್ಲಿಯೂ ತಿಂಗಳುಗಟ್ಟಲೆ ಹಾಸಿಗೆಗೆ ಕಟ್ಟಿಹಾಕುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅವರಿಗಾಗಿಯೇ ವಿಶ್ರಾಂತಿಧಾಮಗಳಿದ್ದವು. ಮಕ್ಕಳು ಮನೆ ಬಿಟ್ಟು, ಶಾಲೆ ಬಿಟ್ಟು ಅಲ್ಲಿ ಮಲಗಿರುತ್ತಿದ್ದರು. ಅಂದು ಬೇರೆ ಮದ್ದಿರಲಿಲ್ಲ. ಇಂದಿನ ತಿಳಿವಳಿಕೆ ಬೇರೆ. ಜ್ವರವಿರುವಾಗ, ಹೃದಯದಲ್ಲಿ ಉರಿಯೂತವಿರುವಾಗ ವಿಶ್ರಾಂತಿ ಬೇಕೇ ಬೇಕು. ಅದು ಇಳಿದ ಮೇಲೆ, ಕವಾಟದ ಕೇಡು ಅಲ್ಪವಾಗಿದ್ದರೆ, ಮಗುವಿಗೆ ಆಟ ಬೇಡವೆನ್ನಲು ಕಾರಣವಿಲ್ಲ. ಕೇಡು ಹೆಚ್ಚಾಗಿದ್ದರೆ ಪಂದ್ಯದ ಓಟ, ಕಬಡ್ಡಿ ಮೊದಲಾದ ದಣಿವಿನ ಆಟಗಳನ್ನು ಬಿಡಬೇಕಾದೀತು. ಆಗಲೂ ಎಷ್ಟು, ಯಾವುದು ಎಂಬುದನ್ನು ಹೇಳಬೇಕಾದವರು ಎಕೋ ನೋಡಿದ ವೈದ್ಯರೇ ಹೊರತು ನೆರೆಮನೆಯವರಲ್ಲ.

ಇಲ್ಲಿ ಒಂದು ಸಣ್ಣ ಲೋಪವಾಗುತ್ತದೆ. ವೈದ್ಯರು ಸೂಜಿಯ ದಿನವನ್ನು ಬರೆದುಕೊಡುತ್ತಾರೆ. ಆಟದ ಮಾತನ್ನು ಬರೆಯುವುದಿಲ್ಲ. ಹೆತ್ತವರು ಕೇಳುವುದಿಲ್ಲ. ಶಾಲೆಯ ಗುರುಗಳಿಗೆ ಏನಾದರೂ ಆದೀತೆಂಬ ಭಯ. ಅವರು ಮಗುವನ್ನು ಬದಿಗೆ ಕೂರಿಸುತ್ತಾರೆ. ಯಾರ ಮನಸ್ಸಿನಲ್ಲಿಯೂ ಕೇಡಿಲ್ಲ. ಆದರೂ ಎಲ್ಲರ ಒಳ್ಳೆಯತನವೂ ಕೂಡಿ ಮಗುವನ್ನು ಬಯಲಿನಿಂದ ಎಬ್ಬಿಸಿಬಿಡುತ್ತದೆ. “ಈ ಮಗು ಆಡಬಹುದು” ಎಂಬ ಮೂರು ಪದಗಳನ್ನು ವೈದ್ಯರು ಚೀಟಿಯಲ್ಲಿ ಬರೆದು ಸಹಿ ಮಾಡಿದರೆ ಅದಕ್ಕೆ ತಗಲುವ ವೆಚ್ಚ ಒಂದು ಹನಿ ಮಸಿ.

ಸೂಜಿಯ ನೋವಿನ ಮಾತೂ ಹೀಗೆಯೇ. ಈ ಔಷಧಿ ಮಂದವಾದುದರಿಂದ ಚುಚ್ಚಿದೆಡೆ ಚೆನ್ನಾಗಿ ನೋಯುತ್ತದೆ. ಒಂದೆರಡು ದಿನ ಕುಂಟುವಂತಾಗುವುದೂ ಉಂಟು. ಎಷ್ಟೋ ಮಕ್ಕಳು ಸೂಜಿ ತಪ್ಪಿಸಿಕೊಳ್ಳುವುದು ಗುಳೆಯಿಂದಲ್ಲ, ಈ ನೋವಿನ ನೆನಪಿನಿಂದ. ಔಷಧಿಯ ಶೀಷೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಚುಚ್ಚುವೆಡೆಯನ್ನು ಮೊದಲು ಬೆರಳಿನಿಂದ ಒತ್ತಿ ಹಿಡಿದು, ಎರಡು ಮೂರು ನಿಮಿಷ ನಿಧಾನವಾಗಿ ಕೊಟ್ಟರೆ ನೋವು ಕಡಿಮೆಯಾಗುತ್ತದೆ. ವೈದ್ಯರ ಒಪ್ಪಿಗೆಯಿದ್ದರೆ ಮರಗಟ್ಟಿಸುವ ಮದ್ದನ್ನು ಬೆರೆಸುವುದೂ ಉಂಟು. ಸೂಜಿ ಕೊಡುವ ಸಿಸ್ಟರ್ ಮಗುವಿನ ಹೆಸರು ಹಿಡಿದು ಮಾತನಾಡಿಸಿದರೆ ಇನ್ನೂ ಕಡಿಮೆಯಾಗುತ್ತದೆ.

ಪೆನಿಸಿಲಿನ್ ಒಗ್ಗದೆ ಅಪಾಯವಾಗುವುದೆಂಬ ಭಯ ಜನರಲ್ಲಿದೆ. ಕೆಲವು ವೈದ್ಯರಲ್ಲಿಯೂ ಇದೆ. ತೀವ್ರವಾದ ಒಗ್ಗದಿಕೆ ಬಹಳ ವಿರಳ. ಹಿಂದೆ ಈ ಔಷಧಿಯಿಂದ ದದ್ದು, ಉಸಿರುಕಟ್ಟು ಬಂದಿತ್ತೆ ಎಂದು ವಿಚಾರಿಸಿ, ತುರ್ತಿನ ಮದ್ದನ್ನು ಕೈಗೆಟಕುವಂತಿಟ್ಟುಕೊಂಡು, ಸೂಜಿಯ ತರುವಾಯ ಅರ್ಧ ಗಂಟೆ ಮಗುವನ್ನು ಕಣ್ಣಳತೆಯಲ್ಲಿ ಇರಿಸಿಕೊಳ್ಳುವುದು ಪದ್ಧತಿ. ಕವಾಟ ತೀರ ಕೆಟ್ಟು ಹೃದಯ ಸೋತಿರುವವರ ಮಾತು ಬೇರೆ. ಅಂಥವರಿಗೆ ಸೂಜಿಯ ಬದಲು ಗುಳಿಗೆಯೇ ಮೇಲೆಂದು ತಜ್ಞರು ನಿರ್ಧರಿಸುವುದುಂಟು. ಅದನ್ನು ಅವರಿಗೇ ಬಿಡತಕ್ಕದ್ದು.

*

ಹುಡುಗಿಯಾದರೆ ಬಾಳಿನ ಅಳತೆಗೆ ಇನ್ನೊಂದು ಪ್ರಶ್ನೆ ಸೇರುತ್ತದೆ. ಅದು ಯಾವ ಪ್ರಶ್ನಾವಳಿಯಲ್ಲಿಯೂ ಇಲ್ಲ. “ಇಕೀನ್ನ ಯಾರು ಮಾಡಿಕೊಳ್ಳತಾರ?” ಮಗಳಿಗೆ ಹನ್ನೆರಡು ತುಂಬುವ ಮೊದಲೇ ಈ ಮಾತು ಮನೆಯಲ್ಲಿ ಸುಳಿದಾಡತೊಡಗುತ್ತದೆ. ಊರಿಗೆ ಗೊತ್ತಾಗಬಾರದೆಂದು ಸೂಜಿಗೆ ಬೇರೆ ಊರಿಗೆ ಕರೆದೊಯ್ಯುವವರುಂಟು. ಲಗ್ನ ಗೊತ್ತಾದೊಡನೆ ಸೂಜಿಯನ್ನೇ ನಿಲ್ಲಿಸುವವರುಂಟು. ಗಂಡನ ಮನೆಯಲ್ಲಿ ಹೇಳುವವರಿಲ್ಲ.

ಅಪಾಯವಿರುವುದು ಅಲ್ಲಿಯೇ. ಗರ್ಭಿಣಿಯ ಹೃದಯವು ಎಂದಿನದಕ್ಕಿಂತ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಹೆಚ್ಚು ರಕ್ತವನ್ನು ನೂಕಬೇಕಾಗುತ್ತದೆ. ಕವಾಟ ಕಿರಿದಾಗಿರುವುದು ಯಾರಿಗೂ ತಿಳಿಯದೆ ಉಳಿದಿದ್ದರೆ ಏಳು ಎಂಟನೆಯ ತಿಂಗಳಿನಲ್ಲಿ, ಇಲ್ಲವೆ ಹೆರಿಗೆಯ ಹೊತ್ತಿನಲ್ಲಿ ಪ್ರಾಣಕ್ಕೇ ಬರಬಹುದು. ಮುಂಚಿತವಾಗಿ ತಿಳಿದಿದ್ದರೆ ಎಷ್ಟೋ ಉಪಾಯಗಳಿವೆ. ತೊಡೆಯ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಹೃದಯಕ್ಕೆ ಒಯ್ದು, ಅಂಟಿದ ಬಾಗಿಲನ್ನು ಬಿಡಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೂಯೆಯವರು ೧೯೮೪ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಈ ಚಿಕಿತ್ಸೆ ಬಹಳ ವರ್ಷಗಳಿಂದ ನಡೆದುಬಂದಿದೆ. ಕವಾಟವನ್ನೇ ಬದಲಿಸಬೇಕಾದರೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಭಾರತೀಯ ಕವಾಟವಿದೆ. ಅದನ್ನು ಮೊದಲು ಅಳವಡಿಸಿದ್ದು ೧೯೯೦ರಲ್ಲಿ. ಆದರೆ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಬಾಳಿನುದ್ದಕ್ಕೂ ಗುಳಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು; ಆ ಗುಳಿಗೆ ಗರ್ಭದ ಶಿಶುವಿಗೆ ಒಗ್ಗುವುದಿಲ್ಲ. ಆದುದರಿಂದ ಹುಡುಗಿಯ ಪಾಲಿಗೆ ಕವಾಟ ಕೆಡದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ. ಕಾಯಿಲೆಯನ್ನು ಮುಚ್ಚಿಟ್ಟು ಮಾಡಿದ ಲಗ್ನಕ್ಕಿಂತ, ತಿಳಿಸಿ ಮಾಡಿದ ಲಗ್ನದಲ್ಲಿ ಅವಳ ಜೀವಕ್ಕೆ ಹೆಚ್ಚು ಭದ್ರತೆಯಿದೆ. ಅದಕ್ಕೂ ಮೊದಲು ಅವಳಿಗೆ ಹದಿನೆಂಟು ತುಂಬಲಿ, ಓದು ಮುಗಿಯಲಿ.

*

ಈ ನಾಲ್ಕು ಸೀಮೆಗಳ ತಾಯಿತಂದೆಗಳಿಗೆ ಇರುವ ದಾರಿಗಳಾವುವು? ೨೦೧೩ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಒಂದು. ತಂಡ ಬರುವ ದಿನ ಮಗು ಗೈರುಹಾಜರಾಗದಂತೆ ನೋಡಿಕೊಳ್ಳುವುದು ಗುರುಗಳ ಮೊದಲ ಉಪಕಾರ. ಸಂಶಯ ಬಂದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಿದೆ; ೧೯೮೬ರಲ್ಲಿ ಪ್ರಾರಂಭವಾದ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಜಯದೇವ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೇ ಇರುವುದರಿಂದ ಬೆಂಗಳೂರಿನ ಐನೂರು ಕಿಲೋಮೀಟರುಗಳ ಪ್ರಯಾಣ ಎಲ್ಲರಿಗೂ ಬೇಕಾಗುವುದಿಲ್ಲ. ಬಡ ಕುಟುಂಬಗಳಿಗೆ ೨೦೧೮ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಹೊರುತ್ತದೆ.

ಇವೆಲ್ಲಕ್ಕಿಂತ ಚಿಕ್ಕದಾದ, ಆದರೆ ಇವೆಲ್ಲವನ್ನೂ ನಡೆಸುವ ಒಂದು ವಸ್ತುವಿದೆ. ಅದು ಮಗುವಿನ ಕೈಯಲ್ಲಿರುವ ಸೂಜಿಯ ಕಾರ್ಡು. ರೋಗದ ಹೆಸರು, ಔಷಧಿಯ ಹೆಸರು, ಪ್ರಮಾಣ, ಕೊಟ್ಟ ದಿನ, ಮುಂದಿನ ದಿನ, ಇಷ್ಟು ಅದರಲ್ಲಿರಬೇಕು. ಗುಳೆ ಹೊರಡುವ ತಾಯಿ ರೇಶನ್ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳುವಷ್ಟೇ ಜೋಪಾನವಾಗಿ ಅದನ್ನೂ ಕಟ್ಟಿಕೊಳ್ಳಬೇಕು. ಕಬ್ಬಿನ ಗದ್ದೆಯ ಹತ್ತಿರದ ಸರಕಾರಿ ದವಾಖಾನೆಯಲ್ಲಿ ಭಾಷೆ ಬಾರದಿದ್ದರೂ ಕಾರ್ಡು ಮಾತನಾಡುತ್ತದೆ. ಔಷಧಿ ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿರುವಂಥದು. ಊರು ಬಿಡುವ ಮೊದಲು ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ, ಮರಳಿದೊಡನೆ ಮತ್ತೊಂದು ಮಾತು ಹೇಳಿದರೆ ಎಣಿಕೆ ತಪ್ಪುವುದಿಲ್ಲ. ದಿನವೂ ಹಲ್ಲುಜ್ಜಿ ಬಾಯಿ ಸ್ವಚ್ಛವಾಗಿಡುವುದನ್ನೂ ಮರೆಯಬಾರದು. ಕೆಟ್ಟ ಹಲ್ಲಿನಿಂದ ರೋಗಾಣುಗಳು ರಕ್ತಕ್ಕೆ ಸೇರಿ, ಮೊದಲೇ ನೊಂದ ಕವಾಟದ ಮೇಲೆ ಬೀಡುಬಿಡುತ್ತವೆ.

ಗುರುಗಳು ಮಾಡಬಹುದಾದುದು ಇನ್ನೊಂದಿದೆ. ಸೂಜಿಯ ಮರುದಿನ ಕುಂಟುತ್ತ ಬಂದ ಮಗುವನ್ನು ತಡವಾಯಿತೆಂದು ನಿಲ್ಲಿಸದಿರುವುದು. ತಪ್ಪಿದ ಪಾಠವನ್ನು ಗೆಳತಿಯೊಬ್ಬಳಿಂದ ಬರೆಸಿಕೊಡಿಸುವುದು. ಮತ್ತು ಆಟದ ಹೊತ್ತಿಗೆ ಆ ಮಗುವನ್ನು ಕರೆಯುವುದು.

*

ಬೇವಿನ ಬುಡದ ಹುಡುಗಿಗೆ ಅಂದು ಇಪ್ಪತ್ತೊಂದನೆಯ ದಿನ. ತಾಯಿ ಅವಳನ್ನು ದವಾಖಾನೆಗೆ ಕರೆತಂದಿದ್ದಾಳೆ. ಸಿಸ್ಟರ್ ಶೀಷೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮ���ಡುತ್ತಿದ್ದಾಳೆ. ವೈದ್ಯರು ಕಾರ್ಡಿನಲ್ಲಿ ದಿನವನ್ನು ಬರೆದು, ಎಕೋ ಚೀಟಿಯನ್ನು ಇನ್ನೊಮ್ಮೆ ನೋಡಿ ಕೇಳುತ್ತಾರೆ: “ಸಾಲ್ಯಾಗ ಏನೇನು ಆಟ ಆಡತೀ ಯವ್ವಾ?”

ಹುಡುಗಿ ತಾಯಿಯ ಮುಖ ನೋಡುತ್ತಾಳೆ. ತಾಯಿ, “ಆಡಾಕ ಕಳಸಂಗಿಲ್ರೀ ಸಾಹೇಬ್ರ” ಎನ್ನುತ್ತಾಳೆ.

“ಯಾಕ? ನಾ ಬ್ಯಾಡ ಅಂದಿದ್ದೆನೇನು?”

ತಾಯಿಗೆ ಉತ್ತರ ಹೊಳೆಯುವುದಿಲ್ಲ. ಯಾರು ಬೇಡವೆಂದರು ಎಂಬುದು ಅವಳಿಗೂ ಈಗ ನೆನಪಿಲ್ಲ.

“ಆಡಲಿ. ದಮ್ಮ ಹತ್ತಿದರ ತಾನ ಕೂಡತಾಳ. ಸೂಜಿ ಮಾತ್ರ ತಪ್ಪಸಬ್ಯಾಡ್ರಿ” ಎಂದು ವೈದ್ಯರು ಕಾರ್ಡಿನ ಕೆಳಗೆ ಒಂದು ಸಾಲು ಬರೆಯುತ್ತಾರೆ.

ಮೂರನೆಯ ದಿನ, ಸೊಂಟದ ನೋವು ಇಳಿದ ಮೇಲೆ, ಹುಡುಗಿ ಆ ಕಾರ್ಡನ್ನು ಅಕ್ಕೋರಿಗೆ ತೋರಿಸುತ್ತಾಳೆ. ಅಂದಿನ ಸಂಜೆ ಬೇವಿನ ಬುಡದಲ್ಲಿ ಚಪ್ಪಲಿಗಳ ಸಾಲಿನಲ್ಲಿ ಒಂದು ಜೊತೆ ಹೆಚ್ಚಾಗಿದೆ. ಅವುಗಳನ್ನು ಕಾಯುವವರಾರೂ ಇಲ್ಲ. ಅವು ಎಲ್ಲಿಗೂ ಹೋಗಿಲ್ಲ.